ಉತ್ತರ ಬೇಡುವ ಜನಾಭಿಪ್ರಾಯ

ಪ್ರಜಾಪ್ರಭುತ್ವದ ಬಗ್ಗೆ ನಮ್ಮಲ್ಲಿ ಆಳವಾಗಿ ಬೇರೂರಿರುವ ಒಂದು ತಿಳಿವಳಿಕೆ ಇದೆ. ಎಲ್ಲ ವಿಷಯದ ಬಗ್ಗೆಯೂ ಜನರ ಮನಸ್ಸಿನಲ್ಲಿ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಒಳ್ಳೆಯ ಸರ್ಕಾರ ಅದನ್ನು ಅರಿತು ಅದರಂತೆ ನಡೆಯುತ್ತದೆ, ಕೆಟ್ಟ ಸರ್ಕಾರ ಅದನ್ನು ಕಡೆಗಣಿಸುತ್ತದೆ. ಹಿಂದೆಲ್ಲ ಆ ಅಭಿಪ್ರಾಯವನ್ನು ತಿಳಿಯಲು ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಯನ್ನು ಬಿಟ್ಟರೆ ದೊಡ್ಡ ದಾರಿಗಳಿರಲಿಲ್ಲ. ಈಗ ಸಮೀಕ್ಷೆಗಳಿವೆ, ಇಪ್ಪತ್ನಾಲ್ಕು ಗಂಟೆಯ ಸುದ್ದಿವಾಹಿನಿಗಳಿವೆ, ಮನೆಮನೆಯಲ್ಲೂ ಮೊಬೈಲ್ ಇದೆ. ಜನ ಏನೆನ್ನುತ್ತಿದ್ದಾರೆ ಎಂಬುದು ಗಂಟೆಗಂಟೆಗೂ ಆಳುವವರ ಕಿವಿಗೆ ಬೀಳುತ್ತದೆ. ಹಾಗಾಗಿ ಪ್ರಜಾಪ್ರಭುತ್ವ ಮೊದಲಿಗಿಂತ ಗಟ್ಟಿಯಾಗಿದೆ, ಅಥವಾ ಗಟ್ಟಿಯಾಗಲು ಬೇಕಾದದ್ದೆಲ್ಲ ನಮ್ಮ ಬಳಿ ಇದೆ ಎಂದು ನಂಬುತ್ತೇವೆ. ಆಳುವ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಈ ವಿಷಯದಲ್ಲಿ ಭಿನ್ನಮತವಿಲ್ಲ. ಜಗಳವೇನಿದ್ದರೂ ಜನ ಯಾರ ಕಡೆ ಇದ್ದಾರೆ ಎಂಬುದರ ಬಗ್ಗೆ ಮಾತ್ರ.

ಈ ತಿಳಿವಳಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಗೌರವಿಸಬೇಕಾದ ಚಿಂತನೆಯಿದೆ. ಜೇಮ್ಸ್ ಬ್ರೈಸ್ 1888ರಲ್ಲಿ ಅಮೆರಿಕದ ರಾಜ್ಯವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ, ಬಹುಜನರ ಇಚ್ಛೆ ಏನೆಂಬುದನ್ನು ಮತಪೆಟ್ಟಿಗೆಯ ನೆರವಿಲ್ಲದೆ ಯಾವಾಗ ಬೇಕಾದರೂ ತಿಳಿದುಕೊಳ್ಳಬಹುದಾದ ಸ್ಥಿತಿಯನ್ನು ಪ್ರಜಾಪ್ರಭುತ್ವದ ಮುಂದಿನ ಹಂತವೆಂದು ಕಲ್ಪಿಸಿಕೊಂಡಿದ್ದ. 1935ರಲ್ಲಿ ಸಮೀಕ್ಷಾ ಸಂಸ್ಥೆ ಕಟ್ಟಿದ ಜಾರ್ಜ್ ಗ್ಯಾಲಪ್, ಬ್ರೈಸ್ ಕಂಡ ಆ ಹಂತಕ್ಕೆ ತನ್ನ ಕೆಲಸ ದಾರಿಯಾಗುತ್ತದೆ ಎಂದು ನಂಬಿದ್ದ. ಪತ್ರಿಕೆಗಳ ಮಾಲೀಕರು, ಪುಢಾರಿಗಳು, ಹಣವಂತ ಹಿತಾಸಕ್ತಿಗಳು ಇವರ ಬಾಯಿಂದ ಹಾದು ಬರುವ ಬದಲು ಸಾಮಾನ್ಯ ಮನುಷ್ಯನ ಮಾತು ನೇರವಾಗಿ ರಾಜಧಾನಿಯನ್ನು ಮುಟ್ಟಬೇಕು ಎಂಬ ಸಮಾನತೆಯ ಆಸೆ ಅದರಲ್ಲಿತ್ತು. ಆ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದು ನಿಂತಿರುವ ಎರಡು ಊಹೆಗಳ ಬಗ್ಗೆ. ಅಭಿಪ್ರಾಯವೆಂಬುದು ಜನರ ತಲೆಯಲ್ಲಿ ಮೊದಲೇ ಸಿದ್ಧವಾಗಿ ಕೂತಿರುತ್ತದೆ ಎನ್ನುವುದು ಒಂದು ಊಹೆ. ಅದು ಸರ್ಕಾರದ ಕಿವಿಗೆ ಬಿದ್ದರೆ ಅಧಿಕಾರ ಜನರ ಕೈಗೆ ಬಂದಂತೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ.

ಮೊದಲನೆಯದನ್ನು ನೋಡೋಣ. ಸಮೀಕ್ಷೆ ತಪ್ಪಾಗುತ್ತದೆ ಎಂದಾಗ ನಾವು ಸಾಮಾನ್ಯವಾಗಿ ಲೆಕ್ಕದ ತಪ್ಪನ್ನೇ ಎತ್ತಿ ತೋರಿಸುತ್ತೇವೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿ 23 ಲಕ್ಷದಷ್ಟು ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಸಾರಿತು. ಅವರು 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಹೆಸರುಗಳನ್ನು ಆಯ್ದದ್ದು ಬಹುಪಾಲು ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ, ಅಂದರೆ ಆ ಕಾಲದ ಅನುಕೂಲಸ್ಥರಿಂದ. ನಮ್ಮಲ್ಲಿ 2004ರಲ್ಲೂ 2024ರಲ್ಲೂ ಮತಗಟ್ಟೆ ಸಮೀಕ್ಷೆಗಳು ಎಡವಿದವು. ಇವೆಲ್ಲ ನಿಜವಾದ ತಪ್ಪುಗಳೇ, ಆದರೆ ತಿದ್ದಬಹುದಾದ ತಪ್ಪುಗಳು. ಯಾರಿಗೆ ಮತ ಹಾಕುತ್ತೀರಿ ಎಂಬ ಪ್ರಶ್ನೆಯ ಹಿಂದೆ ಒಂದು ನಿಜವಾದ ಕೃತ್ಯವಿದೆ. ಆ ಮನುಷ್ಯ ಮತಗಟ್ಟೆಗೆ ಹೋಗುತ್ತಾನೆ, ಗುಂಡಿ ಒತ್ತುತ್ತಾನೆ, ಆ ಕೃತ್ಯದ ಜೊತೆ ಸಮೀಕ್ಷೆಯನ್ನು ತಾಳೆ ನೋಡಬಹುದು. ಇಂಥ ಕಾಯ್ದೆಯನ್ನು ಬೆಂಬಲಿಸುತ್ತೀರಾ ಎಂಬ ಪ್ರಶ್ನೆಯ ಹಿಂದೆ ತಾಳೆ ನೋಡಲು ಏನಿದೆ? 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು '1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ'ಯನ್ನು ರದ್ದುಮಾಡಬೇಕೇ ಎಂದು ಜನರನ್ನು ಕೇಳಿದರು. ಆ ಹೆಸರಿನ ಕಾಯ್ದೆಯೇ ಇರಲಿಲ್ಲ. ಆದರೂ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಬೇಕು ಎಂದೋ ಬೇಡ ಎಂದೋ ಹೇಳಿದರು. ಅದಕ್ಕೂ ಹಿಂದೆ, 1941ರಲ್ಲೇ ಇನ್ನೊಂದು ಪ್ರಯೋಗ ನಡೆದಿತ್ತು: ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳನ್ನು 'ನಿಷೇಧಿಸಬೇಕೇ' ಎಂದು ಕೇಳಿದಾಗ ಹೌದೆಂದವರಿಗಿಂತ, 'ಅವಕಾಶ ಕೊಡಬೇಕೇ' ಎಂದು ಕೇಳಿದಾಗ ಕೂಡದು ಎಂದವರು ಎಷ್ಟೋ ಹೆಚ್ಚಿದ್ದರು. ನಿಷೇಧಿಸಿದರೂ ಅವಕಾಶ ಕೊಡದಿದ್ದರೂ ಫಲ ಒಂದೇ. ಹಾಗಿರುವಾಗ ಜನರ 'ನಿಜವಾದ' ಅಭಿಪ್ರಾಯ ಯಾವುದು? ಪ್ರಶ್ನೆ ಕೇಳುವ ಮೊದಲು ಅದು ಎಲ್ಲಿತ್ತು?

ಇದರಿಂದ ಜನ ದಡ್ಡರು ಎಂದು ತೀರ್ಮಾನಿಸುವವರು ತುಂಬಾ ಇದ್ದಾರೆ, ಅವರಲ್ಲಿ ಘನವಾದ ಮನಸ್ಸುಗಳೂ ಇವೆ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್ಮನ್ 1922ರಲ್ಲಿ ಮತ್ತು 1925ರಲ್ಲಿ ಬರೆದ ಎರಡು ಪುಸ್ತಕಗಳ ತಿರುಳು ಸರಿಸುಮಾರು ಇದೇ. ಆಧುನಿಕ ರಾಜ್ಯದ ವ್ಯವಹಾರ ಅಪಾರವಾದದ್ದು. ದುಡಿದು ಮನೆ ನಡೆಸುವ ಮನುಷ್ಯನಿಗೆ ಅದನ್ನೆಲ್ಲ ತಿಳಿಯಲು ಪುರಸೊತ್ತಿಲ್ಲ. ಅವನ ತಲೆಯಲ್ಲಿರುವುದು ಲೋಕವಲ್ಲ, ಲೋಕದ ಬಗ್ಗೆ ಪತ್ರಿಕೆಗಳು ಬರೆದುಕೊಟ್ಟ ಚಿತ್ರ. ಆದ್ದರಿಂದ ಆಡಳಿತವನ್ನು ಬಲ್ಲವರಿಗೆ ಬಿಡಬೇಕು. ಆಳುವವರು ಹದ ತಪ್ಪಿದಾಗ ಬದಲಾಯಿಸುವುದಷ್ಟೇ ಜನರ ಪಾಲಿನ ಕೆಲಸ. ಈ ವಾದದ ಮೊದಲ ಅರ್ಧ ಸರಿ. ಮಂಡ್ಯದ ಕಬ್ಬು ಬೆಳೆಗಾರನಿಗೆ ವಿದೇಶಾಂಗ ನೀತಿ ಗೊತ್ತಿರಬೇಕಾಗಿಲ್ಲ, ವಿದೇಶಾಂಗ ಕಾರ್ಯದರ್ಶಿಗೂ ಮಂಡ್ಯದ ಕಬ್ಬಿನ ತೂಕ ಗೊತ್ತಿರುವುದಿಲ್ಲ. ಎರಡನೆಯ ಅರ್ಧ ಎಡವುವುದು ಇಲ್ಲೇ. ಎಲ್ಲರೂ ಎಲ್ಲವನ್ನೂ ಬಲ್ಲವರಾಗಬೇಕು ಎಂದು ಮೊದಲು ಬೇಡಿಕೆಯಿಟ್ಟು, ಅದು ಈಡೇರಲಿಲ್ಲವೆಂದು ಜನರನ್ನು ಹೊರಗಿಡುವುದು ನ್ಯಾಯವಲ್ಲ. ಲಿಪ್ಮನ್‌ಗೆ 1927ರಲ್ಲಿ ಪುಸ್ತಕರೂಪದಲ್ಲಿ ಉತ್ತರ ಕೊಟ್ಟ ತತ್ವಜ್ಞಾನಿ ಜಾನ್ ಡ್ಯೂಯಿಯ ಮಾತಿನ ಸಾರ ನಮ್ಮಲ್ಲೂ ಎಲ್ಲರಿಗೂ ಗೊತ್ತಿರುವಂಥದ್ದು: ಚಪ್ಪಲಿ ಹೊಲಿಯುವ ವಿದ್ಯೆ ಹೊಲಿಯುವವನದು, ಆದರೆ ಅದು ಎಲ್ಲಿ ಕಚ್ಚುತ್ತದೆ ಎಂಬುದು ಹಾಕಿಕೊಂಡು ನಡೆದವನಿಗೇ ಗೊತ್ತು. ಇದಕ್ಕೆ ನಾನು ಒಂದನ್ನು ಸೇರಿಸುತ್ತೇನೆ. ಕಚ್ಚುತ್ತದೆ ಎಂಬ ಅನುಭವ ಇನ್ನೂ ಅಭಿಪ್ರಾಯವಲ್ಲ. ಅದು ಅಭಿಪ್ರಾಯವಾಗಬೇಕಾದರೆ ಏನಾಗಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಸ್ಪಷ್ಟವಾದ ಉದಾಹರಣೆ ಇದೆ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಬಹಿರಂಗ ಅಹವಾಲು ಸಭೆ, 'ಜನ್ ಸುನ್‌ವಾಯಿ' ನಡೆಸಿತು. ಬರ ಪರಿಹಾರದ ಕಾಮಗಾರಿಗಳಲ್ಲಿ ಕೂಲಿ ಸರಿಯಾಗಿ ಸಿಗುತ್ತಿಲ್ಲ, ಯಾರೋ ದುಡ್ಡು ಹೊಡೆಯುತ್ತಿದ್ದಾರೆ ಎಂಬುದು ಆ ಭಾಗದ ಹಳ್ಳಿಗಳಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದ ಮಾತು. ಆಗ ಯಾರಾದರೂ ಬಂದು ಸಮೀಕ್ಷೆ ಮಾಡಿದ್ದರೆ ಪಂಚಾಯಿತಿ ಭ್ರಷ್ಟವಾಗಿದೆ ಎಂದು ಬಹುಶಃ ಬಹುಪಾಲು ಜನ ಹೇಳುತ್ತಿದ್ದರು. ಆ ಅಂಕಿಯಿಂದ ಯಾರ ಕೂದಲೂ ಕೊಂಕುತ್ತಿರಲಿಲ್ಲ. ಜನ್ ಸುನ್‌ವಾಯಿಯಲ್ಲಿ ನಡೆದದ್ದು ಬೇರೆ. ಮಸ್ಟರ್ ರೋಲ್, ಬಿಲ್ಲು, ವೋಚರುಗಳ ನಕಲುಗಳನ್ನು ಹೇಗೋ ದೊರಕಿಸಿಕೊಂಡು, ಊರ ಜನರನ್ನೆಲ್ಲ ಬಯಲಲ್ಲಿ ಕೂರಿಸಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಲಾಯಿತು: ಇಂಥವರು, ಇಷ್ಟು ದಿನ ಕೆಲಸ, ಇಷ್ಟು ಕೂಲಿ, ಪಕ್ಕದಲ್ಲಿ ಹೆಬ್ಬೆಟ್ಟು. ಆ ಹೆಸರಿನ ಮನುಷ್ಯ ಎದ್ದು ನಿಂತು ನಾನು ಆ ಕೆಲಸಕ್ಕೇ ಹೋಗಿಲ್ಲ ಎನ್ನುವುದು, ಮುಗಿದಿದೆ ಎಂದು ಕಾಗದ ಹೇಳುವ ಕಟ್ಟಡಕ್ಕೆ ಚಾವಣಿಯೇ ಇಲ್ಲ ಎಂದು ಅದರ ಮುಂದೆ ದಿನವೂ ಓಡಾಡುವವರು ಹೇಳುವುದು, ಇಂಥ ಸಭೆಗಳು ಒಂದಾದ ಮೇಲೊಂದು ನಡೆದಂತೆ ಮತ್ತೆ ಮತ್ತೆ ಕಂಡಿತು. ಅಕ್ಷರ ಬಾರದ ಕೂಲಿಯವನು ಅಲ್ಲಿ ಸರ್ಕಾರಿ ದಾಖಲೆಯ ಅತ್ಯುತ್ತಮ ಪರೀಕ್ಷಕನಾದ. ಲಿಪ್ಮನ್‌ಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇಲ್ಲಿ ನಡೆದದ್ದೇನು ಎಂದು ಬಿಡಿಸಿ ನೋಡಬೇಕು. ಜನ ಬದಲಾಗಲಿಲ್ಲ, ಅವರ ವಿದ್ಯೆ ಬದಲಾಗಲಿಲ್ಲ, ಅವರ ಅನುಭವವೂ ಹಿಂದಿನದೇ. ಬದಲಾದದ್ದು ಇಷ್ಟು: ಸರ್ಕಾರದ ಮಾತು (ಮಸ್ಟರ್ ರೋಲ್ ಸರ್ಕಾರದ ಮಾತೇ) ಮತ್ತು ಜನರ ಅನುಭವ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಎಲ್ಲರ ಎದುರಿಗೆ ಮುಖಾಮುಖಿಯಾದವು. ಅಲ್ಲಿಯವರೆಗೆ ಗೊಣಗಾಟವಾಗಿದ್ದದ್ದು ಆಪಾದನೆಯಾಯಿತು. ಯಾರು, ಎಷ್ಟು, ಯಾವಾಗ ಎಂಬ ವಿವರಗಳಿರುವ ಆಪಾದನೆ. ಅದಕ್ಕೆ ಸರ್ಕಾರ ಹೌದು ಎನ್ನಬೇಕು ಇಲ್ಲವೇ ಅಲ್ಲ ಎಂದು ಸಾಬೀತು ಮಾಡಬೇಕು. ಸುಮ್ಮನಿದ್ದರೆ ಆ ಸುಮ್ಮನಿರುವಿಕೆಯೂ ಎಲ್ಲರಿಗೂ ಕಾಣುತ್ತದೆ. ಅಭಿಪ್ರಾಯ ಹುಟ್ಟುವುದು ಈ ಜಾಗದಲ್ಲಿ. ಅದು ಜನರೊಳಗೆ ಅಡಗಿದ್ದು ಹೊರತೆಗೆಯಬೇಕಾದ ವಸ್ತುವಲ್ಲ, ಸರ್ಕಾರದ ಮಾತಿಗೂ ಜನರ ಮಾತಿಗೂ ನಡುವೆ ರೂಪುಗೊಳ್ಳುವಂಥದ್ದು. ಆ ಸಂಘಟನೆ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತಾಗಲೂ ಕೇಳಿದ್ದು ಅಕ್ಕಿಯನ್ನಲ್ಲ, ಕೂಲಿ ಏರಿಕೆಯನ್ನಲ್ಲ; ದಾಖಲೆಗಳ ನಕಲನ್ನು. ಅದರ ಫಲವಾಗಿ ಬೆಳೆದ ಚಳವಳಿಯೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಅದಕ್ಕೂ ಮುಂಚೆ, 2000ರಲ್ಲೇ ಮಾಡಿಕೊಂಡಿತ್ತು.

ಎರಡನೆಯ ಊಹೆಗೆ ಬರೋಣ: ಸರ್ಕಾರಕ್ಕೆ ಜನರ ಮಾತು ಕೇಳಿಸಿದರೆ ಸಾಕು ಎನ್ನುವುದು. ಕೇಳಿಸದಿದ್ದರೆ ಅನರ್ಥವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಅದಕ್ಕೆ ಚರಿತ್ರೆಯ ಸಾಕ್ಷಿ ಭೀಕರವಾಗಿದೆ. 1943ರ ಬಂಗಾಳದ ಕ್ಷಾಮದಲ್ಲಿ ಯುದ್ಧಕಾಲದ ಸೆನ್ಸಾರ್ ಸುದ್ದಿಯನ್ನು ತಡೆಹಿಡಿದಿತ್ತು. ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್‌ನಲ್ಲಿ ಬೀದಿ ಬದಿಯ ಹೆಣಗಳ ಚಿತ್ರಗಳನ್ನು ಅಚ್ಚು ಮಾಡಿದ ಮೇಲೆಯೇ ಸರ್ಕಾರಕ್ಕೆ ಆ ಸಾವುಗಳನ್ನು ಮರೆಮಾಚುವುದು ಕಷ್ಟವಾಯಿತು. 1958ರಿಂದ 1961ರವರೆಗಿನ ಚೀನಾದ ಕ್ಷಾಮದಲ್ಲಿ ಸತ್ತವರು ಕೋಟಿಗಳಲ್ಲಿ. ಅಲ್ಲಿ ಸೆನ್ಸಾರ್ ಜನರ ಕಣ್ಣು ಕಟ್ಟಿದ್ದಷ್ಟೇ ಅಲ್ಲ, ಸರ್ಕಾರದ ಕಣ್ಣನ್ನೂ ಕಟ್ಟಿತು: ಕಮ್ಯೂನ್‌ಗಳ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಬೆಳೆಯ ಸುಳ್ಳು ಲೆಕ್ಕ ಕೊಟ್ಟರು, ಆ ಸುಳ್ಳಿನ ಮೇಲೆಯೇ ಧಾನ್ಯದ ಲೆವಿ ನಿಗದಿಯಾಯಿತು, ಇಲ್ಲದ ಬೆಳೆಯನ್ನು ಇದ್ದಂತೆ ರೈತರು ಒಪ್ಪಿಸಬೇಕಾಯಿತು. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳಿರುವ ದೇಶದಲ್ಲಿ ದೊಡ್ಡ ಕ್ಷಾಮ ನಡೆದಿಲ್ಲ ಎಂದು ಅಮರ್ತ್ಯ ಸೇನ್ ಹೇಳುವುದು ಈ ಹೋಲಿಕೆಯಿಂದಲೇ. ನಮ್ಮ ತುರ್ತು ಪರಿಸ್ಥಿತಿಯಲ್ಲೂ ಇದೇ ಕುರುಡು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಉತ್ತರ ಭಾರತದ ಹಳ್ಳಿಗಳಲ್ಲಿ ಅದು ಬಲವಂತದಿಂದ ನಡೆಯುತ್ತಿದ್ದದ್ದು ಪತ್ರಿಕೆಗಳಲ್ಲಿ ಬರುವಂತಿರಲಿಲ್ಲ.

ಇಷ್ಟನ್ನೂ ಒಪ್ಪಿದ ಮೇಲೆಯೂ ಪ್ರಶ್ನೆ ಉಳಿಯುತ್ತದೆ. ಕೇಳಿಸದೆ ಇರುವುದು ಕೆಡುಕು ಎಂದ ಮಾತ್ರಕ್ಕೆ, ಕೇಳಿಸಿದರೆ ಒಳಿತಾಗಿಯೇ ತೀರುತ್ತದೆ ಎಂದಾಗುವುದಿಲ್ಲ. ಇಂದಿನ ಸರ್ಕಾರಗಳಿಗೆ ಕೇಳಿಸುವುದರಲ್ಲಿ ಕೊರತೆಯಿಲ್ಲ. ಯಾವ ತಾಲ್ಲೂಕಿನಲ್ಲಿ ಯಾವ ಜಾತಿಯವರಿಗೆ ಯಾವುದರ ಬಗ್ಗೆ ಅಸಮಾಧಾನವಿದೆ ಎಂಬುದನ್ನು ಪಕ್ಷಗಳು ಹಣ ಕೊಟ್ಟು ತಿಳಿದುಕೊಳ್ಳುತ್ತವೆ. ಹಾಗೆ ತಿಳಿದ ಮೇಲೆ ಆಳುವವರ ಮುಂದೆ ಎರಡು ದಾರಿ ತೆರೆದಿರುತ್ತವೆ: ತಮ್ಮ ನಡತೆಯನ್ನು ತಿದ್ದಿಕೊಳ್ಳುವುದು, ಇಲ್ಲವೇ ಜನರ ಅಸಮಾಧಾನವನ್ನು ತಿದ್ದುವುದು. ಮೊದಲನೆಯದಕ್ಕೆ ವರ್ಷಗಳು ಬೇಕು, ಗುತ್ತಿಗೆದಾರರನ್ನು ಎದುರು ಹಾಕಿಕೊಳ್ಳಬೇಕು, ಬಜೆಟ್ ಬದಲಾಗಬೇಕು. ಎರಡನೆಯದಕ್ಕೆ ಜಾಹೀರಾತು, ಘೋಷಣೆ, ಇನ್ನೊಂದು ವಿವಾದ ಸಾಕು. ಉತ್ತರಿಸುವ ಹೊಣೆಯಿಲ್ಲದ ಕಿವಿಯನ್ನು ಕೊಟ್ಟರೆ ಆಳುವವರು ಸುಲಭದ ದಾರಿ ಹಿಡಿಯುತ್ತಾರೆ. ಅದಕ್ಕೆ ಅವರು ದುಷ್ಟರಾಗಿರಬೇಕಾಗಿಲ್ಲ. ಹಾಗಾಗಿ ಜನರ ಮನಸ್ಸನ್ನು ಅಳೆಯುವ ಸಾಧನ ಹೆಚ್ಚಿದಷ್ಟೂ ಪ್ರಜಾಪ್ರಭುತ್ವ ಹೆಚ್ಚುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಆ ಸಾಧನಗಳು ಯಾರ ಕೈಯಲ್ಲಿವೆ, ಅಳೆದ ಮೇಲೆ ಅಳೆದವನು ಯಾರಿಗೆ ಏನು ಹೇಳಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. 

ಈ ಮಾತನ್ನು ಒಂದು ಪ್ರಕರಣಕ್ಕೆ ಒರೆಹಚ್ಚಿ ನೋಡಬಹುದು. 2020ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಅಂದಾಜಿಗೆ ಹೊಸ ಅಧಿಸೂಚನೆಯ ಕರಡು ಸಿದ್ಧಪಡಿಸಿತು. ಅಣೆಕಟ್ಟು, ಗಣಿ, ಕಾರ್ಖಾನೆ, ಹೆದ್ದಾರಿಗಳಿಗೆ ಅನುಮತಿ ಕೊಡುವ ಮುಂಚೆ ಏನೇನು ಪರೀಕ್ಷಿಸಬೇಕು, ಸ್ಥಳೀಯರ ಅಹವಾಲು ಹೇಗೆ ಕೇಳಬೇಕು ಎಂಬುದನ್ನು ನಿರ್ಧರಿಸುವ ಕಾಗದ ಅದು. 2006ರ ಅಧಿಸೂಚನೆ ಸಾರ್ವಜನಿಕ ಅಹವಾಲಿಗೆ ಮುಂಚೆ 30 ದಿನಗಳ ಸೂಚನೆ ಕೊಡಬೇಕೆಂದರೆ, ಕರಡು ಅದನ್ನು 20 ದಿನಕ್ಕೆ ಇಳಿಸಿತ್ತು. ಅನುಮತಿಯಿಲ್ಲದೆ ಶುರುವಾದ ಯೋಜನೆಗಳಿಗೆ ಆಮೇಲೆ ಅನುಮತಿ ಕೊಡುವ ದಾರಿಯನ್ನೂ ತೆರೆದಿತ್ತು. ಜನರ ಆಕ್ಷೇಪಣೆ ಕೇಳಿದ್ದು ಲಾಕ್‌ಡೌನ್ ನಡುವೆ, ಕರಡು ಇದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಪಶ್ಚಿಮ ಘಟ್ಟದ ಮಗ್ಗುಲಲ್ಲಿ ಬದುಕುವ ಕನ್ನಡಿಗನಿಗೆ, ತನ್ನ ಊರಿನ ಅಹವಾಲು ಸಭೆಯ ನಿಯಮವನ್ನು ಬದಲಿಸುವ ಕಾಗದವನ್ನು ಓದುವ ದಾರಿಯೇ ಇರಲಿಲ್ಲ. ದೆಹಲಿ ಹೈಕೋರ್ಟ್ ಜೂನ್ 30ರಂದು, ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಬೇಕೆಂದು ಹೇಳಿ ಆಗಸ್ಟ್ 11ರವರೆಗೆ ಗಡುವು ವಿಸ್ತರಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಅಧಿಕೃತ ಭಾಷೆಗಳ ಕಾನೂನಿನ ಪ್ರಕಾರ ಹಿಂದಿ, ಇಂಗ್ಲಿಷ್ ಇದ್ದರೆ ಸಾಕು ಎಂಬುದು ಕೇಂದ್ರದ ವಾದವಾಗಿತ್ತು.

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಹತ್ತು ಲಕ್ಷಕ್ಕೂ ಮೀರಿ ಪ್ರತಿಕ್ರಿಯೆಗಳು ಬಂದವು, ಅಂತಿಮ ಅಧಿಸೂಚನೆ ಹೊರಬರಲಿಲ್ಲ. ನಾವು ಶುರುವಿನಲ್ಲಿ ಹೇಳಿದ ತಿಳಿವಳಿಕೆಯ ಪ್ರಕಾರ ಇದು ಜನಾಭಿಪ್ರಾಯದ ಗೆಲುವು. ನಾನು ಹಾಗೆ ಎಣಿಸಲಾರೆ. ಪರಿಸರ ಸಂರಕ್ಷಣಾ ನಿಯಮಗಳು ಬಂದ ಆಕ್ಷೇಪಣೆಗಳನ್ನು ಸರ್ಕಾರ ಪರಿಗಣಿಸಬೇಕು ಎನ್ನುತ್ತವೆ. ಯಾವುದನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಯಾಕೆ ಎಂದು ಬರೆದು ಪ್ರಕಟಿಸಬೇಕು ಎನ್ನುವುದಿಲ್ಲ. ಜನ ವಿರೋಧಿಸಿದ್ದ ಅಂಶಗಳಲ್ಲಿ ಮುಖ್ಯವಾದದ್ದು ಕಾಮಗಾರಿ ಶುರುವಾದ ಮೇಲೆ ಅನುಮತಿ ಕೊಡುವ ಏರ್ಪಾಡು. 2021ರ ಜುಲೈನಲ್ಲಿ ಸಚಿವಾಲಯ ಉಲ್ಲಂಘನೆಯ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕು ಎಂಬ ಕಾರ್ಯವಿಧಾನವನ್ನು ಒಂದು ಕಚೇರಿ ಜ್ಞಾಪನದ ಮೂಲಕ ಹೊರಡಿಸಿತು; ಅದರ ಸಿಂಧುತ್ವದ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕಚೇರಿ ಜ್ಞಾಪನಕ್ಕೆ ಕರಡಿಲ್ಲ, ಆಕ್ಷೇಪಣೆಗೆ ಕರೆಯಿಲ್ಲ, ಗಡುವಿಲ್ಲ. ಲಕ್ಷಾಂತರ ಜನರ ಮಾತು ಒಂದು ಕಾಗದವನ್ನು ನಿಲ್ಲಿಸಿತು, ಆ ಕಾಗದದಲ್ಲಿದ್ದ ಸಂಗತಿ ಬೇರೆ ಬಾಗಿಲಿನಿಂದ ಬಂತು. ಒಂದೊಂದು ಆಕ್ಷೇಪಕ್ಕೂ ಕಾರಣ ಸಹಿತ ಉತ್ತರ ಕೊಡುವ ಹೊಣೆ ಇದ್ದಿದ್ದರೆ ಈ ಬಾಗಿಲನ್ನು ತೆರೆಯುವುದು ಇಷ್ಟು ಸಲೀಸಾಗುತ್ತಿರಲಿಲ್ಲ. ಸರ್ಕಾರ ತಾನೇ ಬರೆದ ಕಾರಣಗಳಿಗೆ ಕಟ್ಟುಬೀಳುತ್ತಿತ್ತು, ನ್ಯಾಯಾಲಯಕ್ಕೂ ಹಿಡಿಯಲು ಏನಾದರೂ ಸಿಗುತ್ತಿತ್ತು.

ಹಾಗಾದರೆ ಉತ್ತರ ಎಂದು ಕರೆಯಬೇಕಾದರೆ ಅದರಲ್ಲಿ ಕನಿಷ್ಠ ಏನಿರಬೇಕು? ನನ್ನ ಲೆಕ್ಕದಲ್ಲಿ ಮೂರು.

1. ಸರ್ಕಾರ ಯಾವ ಕಾಗದದ ಮೇಲೆ ತೀರ್ಮಾನಿಸುತ್ತಿದೆಯೋ ಅದೇ ಕಾಗದ, ತೀರ್ಮಾನಕ್ಕೆ ಮುಂಚೆ, ಜನ ಓದುವ ಭಾಷೆಯಲ್ಲಿ ಅವರ ಕೈಗೆ ಬರಬೇಕು. ಸಾರಾಂಶ ಸಾಲದು. 2006ರ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಗೆ ಸ್ಥಳೀಯ ಭಾಷೆಯಲ್ಲಿ ಬೇಕಾದದ್ದು ವರದಿಯ ಸಂಕ್ಷಿಪ್ತ ರೂಪವಷ್ಟೇ. ಎಷ್ಟು ನೀರು ಎತ್ತುತ್ತಾರೆ, ಬೂದಿಯನ್ನು ಎಲ್ಲಿ ಸುರಿಯುತ್ತಾರೆ ಎಂಬಂಥ ವಿವರ ಇರುವುದು ದಪ್ಪ ಇಂಗ್ಲಿಷ್ ವರದಿಯಲ್ಲಿ. ಊರಿನವನು ತಪ್ಪು ಹಿಡಿಯಬಲ್ಲದ್ದು ಆ ವಿವರಗಳಲ್ಲೇ.

2. ಒಪ್ಪದ ಆಕ್ಷೇಪಕ್ಕೆ ಬರೆದ ಕಾರಣ ಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಇದರ ಬೀಜ ಇದೆ: ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕು, ಆಡಳಿತದ ತೀರ್ಮಾನಗಳಿಗೆ ಬಾಧಿತರಿಗೆ ಕಾರಣ ಕೊಡಬೇಕು ಎಂದು ಅದು ವಿಧಿಸುತ್ತದೆ. ಆ ಕಾಯ್ದೆಯಲ್ಲಿ ಹೆಚ್ಚು ಬಳಕೆಯಾಗಬೇಕಿದ್ದ ಆ ಸಾಲುಗಳೇ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿವೆ ಎಂಬುದು ನನ್ನ ಎಣಿಕೆ.

3. ಉತ್ತರಿಸದಿದ್ದರೆ ಯಾರಿಗಾದರೂ ನಷ್ಟವಾಗಬೇಕು. ಅರ್ಜಿಗೆ ವಿನಾಕಾರಣ ತಡಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವಿದೆ. ನೀತಿಯ ಕರಡಿಗೆ ಬಂದ ಆಕ್ಷೇಪಗಳನ್ನು ಓದದೆ ಕಟ್ಟಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ.

ಇದಕ್ಕೆ ಎದುರಾಗುವ ವಾದಗಳಲ್ಲಿ ಮೊದಲನೆಯದು, ಚುನಾವಣೆಯೇ ಆ ನಷ್ಟ ಎಂಬುದು. ಉತ್ತರಿಸದ ಸರ್ಕಾರವನ್ನು ಜನ ಮನೆಗೆ ಕಳಿಸುತ್ತಾರೆ, ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? 1977ರಲ್ಲಿ ಹಾಗೆ ಕಳಿಸಿದ್ದು ನಿಜ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್‌ಗೆ ಒಂದೂ ಸಿಗಲಿಲ್ಲ. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್‌ಗೇ ಬಂದವು. ಕರ್ನಾಟಕದ ಜನ ತುರ್ತು ಪರಿಸ್ಥಿತಿಯನ್ನು ಮೆಚ್ಚಿದರೇ? ಅಥವಾ ದೇವರಾಜ ಅರಸರ ಸರ್ಕಾರ 1974ರಲ್ಲಿ ತಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವ ಹೊಲ ತನ್ನದಾಗುತ್ತದೆಂದು ಗೇಣಿದಾರ ಋಣ ತೀರಿಸಿದನೇ? ಬಲವಂತದ ಶಸ್ತ್ರಚಿಕಿತ್ಸೆಯ ಬಿಸಿ ಇಲ್ಲಿಗೆ ಅಷ್ಟಾಗಿ ತಟ್ಟಿರಲಿಲ್ಲವೇ? ಮತಪತ್ರ ನೋಡಿ ಹೇಳಲಾಗದು, ಏಕೆಂದರೆ ಒಂದೇ ಮುದ್ರೆಯಲ್ಲಿ ಮತದಾರ ಎಲ್ಲ ವಿಷಯಗಳಿಗೂ ಒಟ್ಟಿಗೆ ಹೌದು ಇಲ್ಲವೇ ಅಲ್ಲ ಎನ್ನಬೇಕು. ಗೇಣಿ ಭೂಮಿಗಾಗಿ ಕೃತಜ್ಞನಾಗಿದ್ದು ಸೆನ್ಸಾರನ್ನು ವಿರೋಧಿಸುವವನಿಗೆ ಅಲ್ಲಿ ಒತ್ತಲು ಮುದ್ರೆಯಿಲ್ಲ. ಚುನಾವಣೆ ಸರ್ಕಾರವನ್ನು ಬದಲಿಸಬಲ್ಲದು, ಒಂದು ತೀರ್ಮಾನದ ಕಾರಣವನ್ನು ಪ್ರಶ್ನಿಸಲಾರದು. ಎರಡೂ ಬೇಕು. ಒಂದಿದೆಯೆಂದು ಇನ್ನೊಂದನ್ನು ಬಿಟ್ಟುಕೊಡಲಾಗದು.

ಎರಡನೆಯ ಆಕ್ಷೇಪವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಜನಾಭಿಪ್ರಾಯಕ್ಕೆ ಬಲ ಕೊಡುವುದೆಂದರೆ ಬಹುಸಂಖ್ಯಾತರ ಪೂರ್ವಗ್ರಹಕ್ಕೆ ಬಲ ಕೊಟ್ಟಂತೆ ಅಲ್ಲವೇ? 1943ರಲ್ಲಿ ಪುಣೆಯಲ್ಲಿ ಸಮಾಜ ಸುಧಾರಕ ರಾನಡೆಯವರ ಬಗ್ಗೆ ಮಾಡಿದ ಭಾಷಣದಲ್ಲಿ ಅಂಬೇಡ್ಕರ್ ಎತ್ತಿದ್ದು ಇದನ್ನೇ: ಹಕ್ಕುಗಳನ್ನು ಕಾಪಾಡುವುದು ಕಾನೂನಲ್ಲ, ಸಮಾಜದ ನೈತಿಕ ಅಂತಃಸಾಕ್ಷಿ, ಇಡೀ ಸಮುದಾಯವೇ ಹಕ್ಕಿಗೆ ವಿರುದ್ಧವಾಗಿ ನಿಂತರೆ ಕಾನೂನು ಕೈಲಾಗದೆ ಉಳಿಯುತ್ತದೆ. ಊರಿನ ಒಮ್ಮತದ ಅಭಿಪ್ರಾಯ ದಲಿತನನ್ನು ಬಾವಿಯಿಂದ ದೂರವಿಟ್ಟ ನಾಡು ಇದು. ಗ್ರಾಮಸಭೆಯಲ್ಲಿ ಎಲ್ಲರೂ ಮಾತಾಡಬಹುದು ಎಂದು ಕಾನೂನು ಹೇಳಿದರೂ ಯಾರು ಮುಂದೆ ಕೂರುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ ಎಂಬುದು ಆ ಊರಿನವರಿಗೆ ಗೊತ್ತು. ಈ ಆಕ್ಷೇಪ ಸರಿ. ಆದರೆ ಅದು ಬೀಳುವುದು ಅಳೆಯುವ ಜನಾಭಿಪ್ರಾಯದ ಮೇಲೆ. ಅಳತೆಯಲ್ಲಿ ಎಷ್ಟು ಮಂದಿ ಎಂಬುದೇ ಮುಖ್ಯ. ನೂರರಲ್ಲಿ ಮೂವರ ಮಾತು ಅಲ್ಲಿ ಮೂರೇ. ಉತ್ತರದ ಹಕ್ಕಿಗೆ ಸಂಖ್ಯೆ ಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದವನು ಒಬ್ಬನೇ ಆದರೂ ಮೂವತ್ತು ದಿನದೊಳಗೆ ಉತ್ತರ ಬರಬೇಕು, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯೊಳಗೆ. ಒಂದು ಕೇರಿಯ ನೀರಿನ ಕೊಳಾಯಿಯ ಬಗ್ಗೆ ಕೊಟ್ಟ ಆಕ್ಷೇಪಕ್ಕೆ ಇಡೀ ಊರಿನ ಸಹಿ ಇಲ್ಲವೆಂದು ಅದು ಬಿದ್ದುಹೋಗಬಾರದು. ಇದರಿಂದ ಅಂಬೇಡ್ಕರ್ ಹೇಳಿದ ಅಂತಃಸಾಕ್ಷಿ ತಾನಾಗಿ ಹುಟ್ಟುತ್ತದೆ ಎಂದು ನಾನು ಹೇಳಲಾರೆ. ಅದು ಹುಟ್ಟುವವರೆಗೂ ಕಾಯಬೇಕಾದವನಿಗೆ ಸರ್ಕಾರವನ್ನು ಕೇಳುವ ಒಂದು ದಾರಿಯಾದರೂ ಇರುತ್ತದೆ.

ಸೇನ್ ತಾವೇ ಒಪ್ಪುವ ಒಂದು ಕೊರತೆಯನ್ನೂ ಇಲ್ಲಿ ಎದುರಿಸಬೇಕು. ಕ್ಷಾಮವನ್ನು ತಡೆದ ಪ್ರಜಾಪ್ರಭುತ್ವ ಭಾರತದಲ್ಲಿ ಪ್ರತಿದಿನದ ಹಸಿವನ್ನು, ಮಕ್ಕಳ ಅಪೌಷ್ಟಿಕತೆಯನ್ನು ತಡೆದಿಲ್ಲ. ಬೀದಿಯಲ್ಲಿ ಬಿದ್ದ ಹೆಣ ಸುದ್ದಿಯಾಗುತ್ತದೆ. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗು ಸುದ್ದಿಯಾಗುವುದಿಲ್ಲ. ಇದು ಪತ್ರಿಕೆಗಳ ದುರುದ್ದೇಶವಲ್ಲ, ಸುದ್ದಿಯ ಸ್ವಭಾವ. ಹಾಗಿರುವಾಗ ಸುದ್ದಿಯಾದದ್ದಕ್ಕೆ ಮಾತ್ರ ಉತ್ತರ ಎಂಬ ಏರ್ಪಾಡು ಸಾಲದು. ಸುದ್ದಿಯಾಗಲಿ ಬಿಡಲಿ, ನಿಗದಿತ ದಿನಕ್ಕೆ ಲೆಕ್ಕ ಒಪ್ಪಿಸುವ ಏರ್ಪಾಡು ಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಯ ಮೂಲಕ ಸಾಮಾಜಿಕ ಪರಿಶೋಧನೆಯನ್ನು ವಿಧಿಸಿದಾಗ ಕೋಟ್ ಕಿರಾನಾದ ಬಯಲು ಸಭೆಯೇ ಕಾನೂನಿನ ಪುಟಕ್ಕೆ ಬಂದಿತ್ತು. ಅದನ್ನು ಅಂಗನವಾಡಿಯ ತೂಕದ ಪುಸ್ತಕಕ್ಕೂ ವಿಸ್ತರಿಸದಿರಲು ನನಗೆ ಕಾರಣ ಕಾಣುವುದಿಲ್ಲ.

ಕೊನೆಯ ಆಕ್ಷೇಪ ಆಡಳಿತಗಾರರದು: ಎಲ್ಲದಕ್ಕೂ ಉತ್ತರಿಸುತ್ತ ಕೂತರೆ ಸರ್ಕಾರ ನಡೆಯುವುದು ಹೇಗೆ? ವೇಗವೂ ಜನಹಿತವೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಾಂಕ್ರಾಮಿಕ ಬಂದಾಗ, ನೆರೆ ಬಂದಾಗ ಕರಡು ಪ್ರಕಟಿಸಿ ತಿಂಗಳು ಕಾಯಲಾಗದು. ಆದರೆ ತುರ್ತಿಲ್ಲದ ಕಡೆ ಉತ್ತರವನ್ನು ಬಿಟ್ಟು ಗಳಿಸಿದ ವೇಗ ನಿಜವಾಗಿ ಉಳಿತಾಯವೇ? ಕೃಷಿ ಕಾಯ್ದೆಗಳು 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಗಳಾಗಿ ಬಂದವು, ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾದವು. ಕರಡು ಹಂತದಲ್ಲಿ ರೈತರ ಆಕ್ಷೇಪ ಕೇಳಿರಲಿಲ್ಲ, ಸಂಸದೀಯ ಸಮಿತಿಯ ಪರಿಶೀಲನೆಯೂ ಆಗಲಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ರೈತರು ದೆಹಲಿಯ ಗಡಿಗಳಲ್ಲಿ ಕೂತ ಮೇಲೆ ಅವು ರದ್ದಾದವು, ಆ ರದ್ದತಿ ಮಸೂದೆಯೂ 2021ರ ನವೆಂಬರ್ 29ರಂದು ಚರ್ಚೆಯಿಲ್ಲದೆ ಒಂದೇ ದಿನದಲ್ಲಿ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಕಾಯ್ದೆ ಬೇಕೆಂದವರಿಗೂ ಬೇಡವೆಂದವರಿಗೂ, ಯಾವ ವಾದ ಗೆದ್ದಿತು, ಯಾವುದು ಸೋತಿತು ಎಂಬುದು ಸದನದ ದಾಖಲೆಯಲ್ಲಿ ಸಿಗುವುದಿಲ್ಲ. ಆ ಕಾಯ್ದೆಗಳು ಎತ್ತಿದ್ದ ಕೃಷಿ ಮಾರುಕಟ್ಟೆ ಸುಧಾರಣೆಯ ಪ್ರಶ್ನೆ ಇದ್ದಲ್ಲೇ ಇದೆ.

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಕೇಂದ್ರ ಸರ್ಕಾರ 2014ರ ಫೆಬ್ರವರಿಯಲ್ಲಿ ಅಂಗೀಕರಿಸಿದ ಶಾಸನಪೂರ್ವ ಸಮಾಲೋಚನಾ ನೀತಿ, ಮಸೂದೆಯ ಕರಡನ್ನು ಕನಿಷ್ಠ ಮೂವತ್ತು ದಿನ ಜನರ ಮುಂದಿಡಬೇಕು, ಬಂದ ಪ್ರತಿಕ್ರಿಯೆಗಳ ಸಾರವನ್ನು ಪ್ರಕಟಿಸಬೇಕು ಎನ್ನುತ್ತದೆ. ಅದು ನೀತಿ ಮಾತ್ರ, ಕಾನೂನಲ್ಲ. ಸಚಿವಾಲಯ ಅದನ್ನು ಪಾಲಿಸದಿದ್ದರೆ ಕೇಳುವವರಿಲ್ಲ. ಅದನ್ನು ಕಾನೂನಾಗಿ ಮಾಡಲು, ಪ್ರತಿಕ್ರಿಯೆಗಳ ಸಾರದ ಪಕ್ಕದಲ್ಲೇ ಸರ್ಕಾರದ ಉತ್ತರವೂ ಇರಬೇಕೆಂಬ ಒಂದು ಸಾಲನ್ನು ಸೇರಿಸಲು, ಕಚೇರಿ ಜ್ಞಾಪನ ಮತ್ತು ಸುತ್ತೋಲೆಗಳಿಗೂ ಅದನ್ನು ಅನ್ವಯಿಸಲು ಕರ್ನಾಟಕ ದೆಹಲಿಗಾಗಿ ಕಾಯಬೇಕಾಗಿಲ್ಲ. ಮಾಹಿತಿ ಹಕ್ಕಿನ ವಿಷಯದಲ್ಲಿ ಕಾದಿರಲಿಲ್ಲ. ಅಷ್ಟು ಭಾಷೆಗಳಲ್ಲಿ ಅಷ್ಟು ಕರಡುಗಳನ್ನು ಒದಗಿಸುವುದು ಆಗದ ಕೆಲಸ ಎನ್ನುವವರು ದೆಹಲಿ ಹೈಕೋರ್ಟಿನ 2020ರ ಆದೇಶವನ್ನು ನೋಡಬೇಕು. ಪರಿಸರ ಕರಡನ್ನು ಎಂಟನೇ ಪರಿಚ್ಛೇದದ ಭಾಷೆಗಳಿಗೆ ತರಲು ನ್ಯಾಯಾಲಯ ಸೂಚಿಸಿದ ಕಾಲಾವಧಿ ಹತ್ತು ದಿನ.